ಮೇಲೆ ಕನ್ನಡ, ಕೆಳಗೆ ಪ್ಯಾಲಟಿನೊ: ಕೊಡಗಿನ ಫಲಕಗಳಲ್ಲಿ ಎರಡು ಲಿಪಿ ಹೊಂದದಿರುವುದೇಕೆ

ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಏರುವ ದಾರಿಯ ಇಕ್ಕೆಲದಲ್ಲೂ ಹೋಮ್‌ಸ್ಟೇ, ಎಸ್ಟೇಟು, ಕಾಫಿ ಪುಡಿ, ಮಸಾಲೆ ಅಂಗಡಿಗಳ ಫಲಕಗಳು. ಇಂಗ್ಲಿಷ್ ಹೆಸರುಗಳಲ್ಲಿ ಮತ್ತೆ ಮತ್ತೆ ಒಂದೇ ಜಾತಿಯ ಅಕ್ಷರ, ಪ್ಯಾಲಟಿನೊದಂಥ ‘ಹಳೆ ಶೈಲಿ’ಯ ಫಾಂಟು, ಕಾಣುತ್ತದೆ: ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ತುದಿಗೆ ಪುಟ್ಟ ಪಾದ, ಒಟ್ಟಾರೆ ಕೈಬರಹದ ನೆನಪು. ಹಳೆಯ ತೋಟ, ಹೆಂಚಿನ ಮನೆ, ತಲೆಮಾರುಗಳ ಒಕ್ಕ (ಕೊಡವ ಮನೆತನ) ಎಂಬ ಭಾವವನ್ನು ಒಂದೇ ನೋಟಕ್ಕೆ ದಾಟಿಸಲು ಈ ಅಕ್ಷರ ಹೇಳಿಮಾಡಿಸಿದ್ದು. ಅದರ ಮೇಲಿರುವ ಕನ್ನಡ ಮಾತ್ರ ಬೇರೆ ಯಾರೋ ಬೇರೆ ದಿನ ಅಂಟಿಸಿ ಹೋದಂತೆ ಇರುತ್ತದೆ. ಅಗಲಕ್ಕೆ ಎಳೆದ ದಪ್ಪ ನುಡಿ ಫಾಂಟು, ಒತ್ತಕ್ಷರ ಇಂಗ್ಲಿಷ್ ಸಾಲಿಗೆ ತಾಗುವಷ್ಟು ಇಕ್ಕಟ್ಟು.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ. ಹಾಗಾಗಿ ಇದ್ದ ಇಂಗ್ಲಿಷ್ ಹೆಸರನ್ನು ಕೆಳಕ್ಕೆ ತಳ್ಳಿ, ಮೇಲೆ ಕನ್ನಡ ಸೇರಿಸುವ ಕೆಲಸ ಬಂತು. ಕಾನೂನು ಜಾಗದ ಪಾಲು ಹೇಳುತ್ತದೆ. ಆ ಜಾಗದಲ್ಲಿ ಯಾವ ಅಕ್ಷರ, ಎಷ್ಟು ಗಾತ್ರ, ಎಷ್ಟು ಅಂತರ ಎಂಬುದು ಡಿಟಿಪಿ ಮೇಜಿನ ಮೇಲೆ ತೀರ್ಮಾನವಾಗುತ್ತದೆ, ತಪ್ಪೂ ಅಲ್ಲೇ ಹುಟ್ಟುತ್ತದೆ. ಆ ತಪ್ಪಿನ ಮೂಲ ಒಂದೇ: ಇಂಗ್ಲಿಷಿನ ಪಾದಕ್ಕೆ ಸರಿಯಾದ ಪಾದವನ್ನು ಕನ್ನಡದಲ್ಲಿ ಹುಡುಕುವುದು. ಹೊಂದಿಸಬೇಕಾದದ್ದು ಲೇಖನಿಯನ್ನು, ಅಂದರೆ ಗೆರೆಯ ದಪ್ಪ–ತೆಳುವನ್ನು. ಕೆಲಸ ಶುರುವಾಗಬೇಕಾದದ್ದು ಕನ್ನಡದ ಸಾಲಿನಿಂದ.

ಓರೆ ಹಿಡಿದ ನಿಬ್ಬು

ಈ ಜಾತಿಯ ರೋಮನ್ ಅಕ್ಷರ ಹುಟ್ಟಿದ್ದು ಅಗಲ ಮೂತಿಯ ಲೇಖನಿಯಿಂದ. 1470ರ ಹೊತ್ತಿಗೆ ವೆನಿಸ್‌ನಲ್ಲಿ ನಿಕೊಲಾ ಜೆನ್ಸನ್ ಅಚ್ಚಿಗೆ ತಂದ ಅಕ್ಷರಗಳು ಆ ಕಾಲದ ವಿದ್ವಾಂಸರ ಕೈಬರಹವನ್ನು ಹಿಂಬಾಲಿಸಿದವು. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಕ್ಲೋದ್ ಗ್ಯಾರಮಂಡ್ ಅದೇ ದಾರಿಯನ್ನು ನಯಗೊಳಿಸಿದ. ಕೊಡಗಿನ ಲಗ್ನಪತ್ರಿಕೆಗಳಲ್ಲೂ ಕಣ್ಣಿಗೆ ಬೀಳುವ ಪ್ಯಾಲಟಿನೊ ಮಾತ್ರ 20ನೇ ಶತಮಾನದ ಕೂಸು. ಜರ್ಮನಿಯ ಹರ್ಮನ್ ಜಾಫ್ ಅದನ್ನು ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಸ್ಟೆಂಪೆಲ್ ಅಚ್ಚುಮೊಳೆ ಕಾರ್ಖಾನೆಗಾಗಿ ರಚಿಸಿದರು. ಹೆಸರು 16ನೇ ಶತಮಾನದ ಇಟಲಿಯ ಬರಹಗಾರ ಜಾಂಬತಿಸ್ತಾ ಪಲತಿನೊನದು. ಯುದ್ಧಾನಂತರದ ಕಳಪೆ ಕಾಗದದ ಮೇಲೂ ಓದಿಸಿಕೊಳ್ಳಬೇಕೆಂದು ಜಾಫ್ ಅಕ್ಷರಗಳ ಒಳಜಾಗವನ್ನು ತೆರವಾಗಿಟ್ಟರು, ತೆಳು ಗೆರೆಗೂ ಸಾಕಷ್ಟು ಮೈ ಕೊಟ್ಟರು. ಕ್ರಾಫ್ಟ್ ಕಾಗದದ ಪ್ಯಾಕೆಟ್ಟಿಗೂ ಮಳೆಯ ಊರಿನ ಬೋರ್ಡಿಗೂ ಪ್ಯಾಲಟಿನೊ ಒಗ್ಗುವುದು ಇದೇ ಕಾರಣಕ್ಕೆ. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬರುವ ಬುಕ್ ಆಂಟಿಕ್ವಾ ಇದರ ತದ್ರೂಪಿ.

ದಪ್ಪ–ತೆಳುವಿನ ಲೆಕ್ಕವನ್ನು ಕೈಯಾರೆ ನೋಡಬಹುದು. ಎರಡು ಪೆನ್ಸಿಲನ್ನು ರಬ್ಬರ್ ಬ್ಯಾಂಡಿನಲ್ಲಿ ಜೋಡಿಸಿ, ಎರಡೂ ಮೊನೆ ಕಾಗದಕ್ಕೆ ತಾಗುವಂತೆ, ಅಡ್ಡಗೆರೆಗೆ 30 ಡಿಗ್ರಿ ಓರೆಯಾಗಿ ಹಿಡಿಯಿರಿ. ಓರೆ ಬದಲಿಸದೆ ಮೇಲಿನಿಂದ ಕೆಳಕ್ಕೆ ಎಳೆದರೆ ಎರಡು ಗೆರೆಗಳ ನಡುವಿನ ಅಂತರ ಮೊನೆಗಳ ಅಂತರದ 0.87 ಪಾಲು ಬರುತ್ತದೆ. ಎಡದಿಂದ ಬಲಕ್ಕೆ ಎಳೆದರೆ 0.5 ಪಾಲು. ಅಂದರೆ 4 ಮಿ.ಮೀ. ನಿಬ್ಬಿನಲ್ಲಿ ಲಂಬ ಗೆರೆ ಸುಮಾರು 3.5 ಮಿ.ಮೀ., ಅಡ್ಡ ಗೆರೆ 2 ಮಿ.ಮೀ. ದುಂಡು ಬರೆದರೆ ತೀರ ತೆಳುವಾಗುವ ಜಾಗ ಗಡಿಯಾರದ 11ಕ್ಕೂ 5ಕ್ಕೂ ಬೀಳುತ್ತದೆ, 12ಕ್ಕೂ 6ಕ್ಕೂ ಅಲ್ಲ. ಹಳೆ ಶೈಲಿಯ ಅಕ್ಷರವನ್ನು ಗುರುತಿಸಲು ಇದಕ್ಕಿಂತ ನಂಬಿಕೆಯ ಗುರುತಿಲ್ಲ: ಇಂಗ್ಲಿಷಿನ ‘ಓ’ ಅಕ್ಷರವನ್ನು ನೋಡಿ, ಅದು ಎಡಕ್ಕೆ ವಾಲಿದಂತಿದ್ದರೆ ಅದರ ಹಿಂದೆ ಲೇಖನಿ ಇದೆ.

ಅಗಲಕ್ಕೆ ಎಳೆಯಬಾರದು ಎಂದು ಹೇಳುವುದೂ ಇದಕ್ಕೇ. ಜಾಗ ತುಂಬಲೆಂದು ಅಕ್ಷರವನ್ನು ಶೇ. 130ಕ್ಕೆ ಅಗಲಿಸಿದರೆ ಲಂಬ ಗೆರೆ ಮಾತ್ರ ದಪ್ಪವಾಗುತ್ತದೆ, ಅಡ್ಡ ಗೆರೆ ಇದ್ದಷ್ಟೇ ಇರುತ್ತದೆ. ಲಂಬಕ್ಕೂ ಅಡ್ಡಕ್ಕೂ 1.73 ಇದ್ದ ಪ್ರಮಾಣ 2.25ಕ್ಕೆ ಹಾರುತ್ತದೆ. 30 ಡಿಗ್ರಿಗೆ ಹಿಡಿದ ಲೇಖನಿಗೆ ಆ ಆಕಾರ ಬರುವುದಿಲ್ಲ. ಕಾರಣ ತಿಳಿಯದವರ ಕಣ್ಣಿಗೂ ಅದು ಕೆಟ್ಟದಾಗಿ ಕಾಣುತ್ತದೆ.

ಕೊಡಗಿಗೆ ಇನ್ನೊಂದು ವಿಶೇಷವಿದೆ. ‘ಕೂರ್ಗ್’ ಎಂಬುದನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದಾಗ ಐದರಲ್ಲಿ ನಾಲ್ಕು ದುಂಡಕ್ಷರಗಳು. ಹಳೆ ಶೈಲಿಯಲ್ಲಿ ದುಂಡಕ್ಷರ ಅಗಲ, ಬದಿಗಳು ಉಬ್ಬು. ಸಾಫ್ಟ್‌ವೇರ್ ಕೊಟ್ಟ ಅಂತರ ಹಾಗೆಯೇ ಬಿಟ್ಟರೆ ಎರಡು ‘ಓ’ಗಳ ನಡುವೆ ಮೇಲೂ ಕೆಳಗೂ ತ್ರಿಕೋನದ ತೆರಪು ಕಾಣುತ್ತದೆ, ‘ಆರ್’ ಅದರ ಮುಂದಿನ ‘ಜಿ’ಗೆ ತಾಗುತ್ತದೆ. ಇಡೀ ಪದಕ್ಕೆ ಶೇ. 5ರಿಂದ 8ರಷ್ಟು ಅಂತರ ಕೊಟ್ಟು, ಎರಡು ‘ಓ’ಗಳನ್ನು ಮಾತ್ರ ಒಂದಿಷ್ಟು ಹತ್ತಿರ ತಂದು, ‘ಆರ್’ನ ಕಾಲನ್ನು ಬಿಡಿಸಬೇಕು. ಎರಡು ನಿಮಿಷದ ಕೆಲಸ.

ಕನ್ನಡಕ್ಕೆ ಪಾದವಿಲ್ಲ, ತಲೆಕಟ್ಟಿದೆ

ತಾಳೆಗರಿಯ ಮೇಲೆ ಕಂಟದಿಂದ (ಲೋಹದ ಮೊನೆಯ ಬರೆಯುವ ಕಡ್ಡಿಯಿಂದ) ಕೊರೆದ ಗೆರೆಗೆ ದಪ್ಪ–ತೆಳು ಇರುವುದಿಲ್ಲ. ಮೊನೆ ಎತ್ತ ತಿರುಗಿದರೂ ಗೀರು ಒಂದೇ ಅಗಲ. ಕನ್ನಡದ ದುಂಡಗಿನ ಮೈ ಅಂಥ ಬರಹದಲ್ಲಿ ಪಳಗಿದ್ದು. 19ನೇ ಶತಮಾನದಲ್ಲಿ ಕನ್ನಡ ಲೋಹದ ಮೊಳೆಗೆ ಬಂದ ಮೇಲೆ, 1841ರಲ್ಲಿ ಮಂಗಳೂರಿನಲ್ಲಿ ಶುರುವಾದ ಬಾಸೆಲ್ ಮಿಷನ್ ಪ್ರೆಸ್ಸಿನಂಥ ಕಡೆ ಅಚ್ಚಾದ ಪುಟಗಳಲ್ಲಿ ದಪ್ಪ–ತೆಳುವಿನ ಭೇದ ಕಾಣುತ್ತದೆ. ಆಗಲೂ ಕನ್ನಡಕ್ಕೆ ಪಾದ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ತಲೆಕಟ್ಟನ್ನು ಕನ್ನಡದ ಸೆರಿಫ್, ಅಂದರೆ ಪಾದ, ಎಂದು ತಿಳಿಯುವವರಿದ್ದಾರೆ. ಅದು ತಪ್ಪು. ರೋಮನ್ ಅಕ್ಷರದ ಪಾದ ತೆಗೆದರೂ ಅಕ್ಷರ ಅದೇ. ಕನ್ನಡದ ತಲೆಕಟ್ಟು ಅಕ್ಷರದ ಅಂಗ: ಕ, ಗ, ದ, ವ, ಸಕ್ಕೆ ಇದೆ, ಜ, ಟ, ಣ, ಬ, ಲಕ್ಕೆ ಇಲ್ಲ, ‘ಗ’ ‘ಗಿ’ ಆದಾಗ ತಲೆಕಟ್ಟು ಹೋಗಿ ಗುಡಿಸು ಕೂರುತ್ತದೆ. ಅಲಂಕಾರಕ್ಕೆಂದು ತಲೆಕಟ್ಟಿನ ತುದಿಗೆ ರೋಮನ್ ಪಾದದ ಮೊನೆ ಅಂಟಿಸುವ ಲಾಂಛನಗಳು ಕನ್ನಡವನ್ನು ಇಂಗ್ಲಿಷಿನ ವೇಷದಲ್ಲಿ ನಿಲ್ಲಿಸುತ್ತವೆ. ‘ನೋಟೊ ಸೆರಿಫ್ ಕನ್ನಡ’ ಎಂಬ ಹೆಸರಿನಲ್ಲಿ ಸೆರಿಫ್ ಇದ್ದರೂ ಅದರ ಕನ್ನಡದಲ್ಲಿ ಇರುವುದು ಗೆರೆಯ ಏರಿಳಿತ ಮಾತ್ರ. ಹೊಂದಿಕೆಗೆ ಅಷ್ಟೇ ಬೇಕು.

ಫಾಂಟ್ ಆರಿಸುವಾಗ ಮೊದಲು ನೋಡಬೇಕಾದದ್ದು ದಪ್ಪ ಗೆರೆಗೂ ತೆಳು ಗೆರೆಗೂ ಇರುವ ಪ್ರಮಾಣ. ಪ್ಯಾಲಟಿನೊ, ಗ್ಯಾರಮಂಡ್ ಇರುವಲ್ಲಿ ಗೆರೆ ಏರಿಳಿಯುವ ಕನ್ನಡ ಬೇಕು. ಆಮಂತ್ರಣದ ಒಳಪುಟ, ಕರಪತ್ರ, ಸ್ಮರಣಸಂಚಿಕೆಗೆ ಟೀರೊ ಕನ್ನಡ ಒಳ್ಳೆಯದು. ಸಾಹಿತ್ಯ ಪ್ರಕಟಣೆಯ ಓದಿಗಾಗಿಯೇ ರೂಪುಗೊಂಡದ್ದು, ಜೊತೆಗೆ ಅದಕ್ಕೊಪ್ಪುವ ರೋಮನ್ ಕೂಡ ಅದರಲ್ಲೇ ಇದೆ. ಆದರೆ ಅದಕ್ಕೆ ಬೋಲ್ಡ್ ಇಲ್ಲ. ಸಾಫ್ಟ್‌ವೇರಿನ ‘ಬಿ’ ಗುಂಡಿ ಒತ್ತಿದರೆ ಬರುವುದು ಸುತ್ತ ಊದಿಸಿದ ನಕಲಿ ದಪ್ಪ. ಬೋರ್ಡಿಗೆ ದಪ್ಪ ಬೇಕಾದರೆ ಗೆರೆಯ ದಪ್ಪದ ಹಲವು ಹಂತಗಳಿರುವ ನೋಟೊ ಸೆರಿಫ್ ಕನ್ನಡವೇ ಆಗಬೇಕು. ವಿಂಡೋಸ್ ಜೊತೆ ಬಂದ ತುಂಗಾ ಕಂಪ್ಯೂಟರ್ ಪರದೆಗಾಗಿ ಹುಟ್ಟಿದ್ದು, ಪ್ಯಾಲಟಿನೊ ಪಕ್ಕದಲ್ಲಿ ಅದು ಬಡಕಲಾಗಿ ಕಾಣುತ್ತದೆ. ಕನ್ನಡವನ್ನು ಓರೆ ಮಾಡುವುದು ಬೇಡ. ಯಾಂತ್ರಿಕವಾಗಿ ವಾಲಿಸಿದಾಗ ಸಾಲಿನ ಮೇಲಿನ ಗುಡಿಸು ಬಲಕ್ಕೂ ಕೆಳಗಿನ ಒತ್ತು ಎಡಕ್ಕೂ ಸರಿಯುತ್ತವೆ, ಒತ್ತು ಯಾವ ಅಕ್ಷರದ್ದೆಂಬ ಅನುಮಾನ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಮೊನೊಟೈಪ್ ಕೊರ್ಸಿವಾ ಎಂಬ ಬಳುಕುವ ಫಾಂಟ್ ಇದ್ದರೆ ಅದನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಹೊಡೆಯುವ ಅಭ್ಯಾಸವನ್ನೂ ಬಿಡಬೇಕು. ಆ ದೊಡ್ಡಕ್ಷರಗಳು ಪದದ ಮೊದಲಿಗೆ ಬಳುಕಲು ಇರುವಂಥವು, ಸಾಲಾಗಿ ನಿಂತರೆ ಒಂದರ ಬಾಲ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ.

ಶೇ. 60ರ ಲೆಕ್ಕ

8 ಅಡಿ ಅಗಲ, 3 ಅಡಿ ಎತ್ತರದ ಬೋರ್ಡು ಎನ್ನಿ. ಅಡ್ಡಕ್ಕೆ ಭಾಗ ಮಾಡಿದರೆ ಮೇಲಿನ ಶೇ. 60 ಅಂದರೆ 21.6 ಅಂಗುಲ ಕನ್ನಡಕ್ಕೆ, 14.4 ಅಂಗುಲ ಇಂಗ್ಲಿಷಿಗೆ. ಮೇಲೆ ಕೆಳಗೆ ಎರಡೂವರೆ ಅಂಗುಲದಂತೆ ಬಿಟ್ಟರೆ ಕನ್ನಡಕ್ಕೆ ಉಳಿಯುವುದು 16.6 ಅಂಗುಲ. ಆದರೆ ಕನ್ನಡದ ಸಾಲು ಬರೀ ಅಕ್ಷರದ ಮೈಯಲ್ಲ. ಮೈಯ ಎತ್ತರವನ್ನು 1 ಎಂದು ಹಿಡಿದರೆ ಗುಡಿಸು, ಏತ್ವಗಳಿಗೆ ಮೇಲೆ ಸುಮಾರು 0.35, ಒತ್ತಿಗೆ ಕೆಳಗೆ ಸುಮಾರು 0.5 ಬೇಕು. 16.6ನ್ನು 1.85ರಿಂದ ಭಾಗಿಸಿ: ಮೈಗೆ ಸಿಗುವುದು 9 ಅಂಗುಲ. ಕೆಳಗಿನ ಪಟ್ಟಿಯಲ್ಲಿ ಅಂಚು ಕಳೆದು 9.4 ಅಂಗುಲ ಇದೆ. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಮೇಲೂ ಇಲ್ಲ ಕೆಳಗೂ ಇಲ್ಲ, ಅಷ್ಟನ್ನೂ ಅವೇ ತುಂಬಿಕೊಳ್ಳುತ್ತವೆ. ಪಾಲು ಶೇ. 60 ಆದರೂ ದೂರದಿಂದ ಇಂಗ್ಲಿಷೇ ದೊಡ್ಡದಾಗಿ ಕಾಣುವುದು ಈ ಲೆಕ್ಕದಿಂದ.

ಇದಕ್ಕೆ ಮದ್ದು ಸರಳ. ಕನ್ನಡದ ಮೈ ಎಷ್ಟಿದೆಯೋ ಅದರ ಶೇ. 60–65ಕ್ಕೆ ಇಂಗ್ಲಿಷ್ ದೊಡ್ಡಕ್ಷರ ಇಳಿಸಿ, ಅಂದರೆ ಇಲ್ಲಿ ಐದೂವರೆ ಅಂಗುಲದ ಆಸುಪಾಸು. ಉಳಿದ ಜಾಗವನ್ನು ಖಾಲಿ ಬಿಡಿ. ಖಾಲಿ ಬಿಟ್ಟ ಜಾಗಕ್ಕೂ ದುಡ್ಡು ಕೊಟ್ಟಿದ್ದೇವೆ ಎಂದು ಮಾಲೀಕರು ಫೋನ್ ನಂಬರು, ಕಾಫಿ ಕಪ್ಪು, ಆನೆ ಎಲ್ಲವನ್ನೂ ತುಂಬಿಸುತ್ತಾರೆ; ತೆಳು ಗೆರೆಯ ಅಕ್ಷರ ಉಸಿರಾಡುವುದು ಆ ಖಾಲಿಯಲ್ಲೇ. ಓದುವ ದೂರಕ್ಕೆ ಬೋರ್ಡಿನವರ ಹಳೆಯ ಅಂದಾಜು ಈಗಲೂ ನಡೆಯುತ್ತದೆ: 10 ಅಡಿಗೆ 1 ಅಂಗುಲ ಎತ್ತರವಿದ್ದರೆ ಆರಾಮದ ಓದು. ಕನ್ನಡದಲ್ಲಿ ಆ ಅಂಗುಲವನ್ನು ಮೈಯ ಮೇಲೆ ಅಳೆಯಬೇಕು, ಗುಡಿಸಿನಿಂದ ಒತ್ತಿನವರೆಗೆ ಅಲ್ಲ. ಕಾಗದದ ಮೇಲೆ ಎರಡು ಸಾಲಿನ ಕನ್ನಡ ಇದ್ದರೆ ಸಾಲಿನ ಅಂತರ ಅಕ್ಷರ ಗಾತ್ರದ ಶೇ. 145ರಿಂದ 160; ಇಂಗ್ಲಿಷಿನ ಶೇ. 120ನ್ನೇ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಏತ್ವಕ್ಕೆ ಬಡಿಯುತ್ತದೆ. ಪರೀಕ್ಷೆಗೆ ನಮ್ಮ ಊರುಗಳ ಹೆಸರೇ ಸಾಕು. ಮಡಿಕೇರಿ ಎಂದು ಬರೆದು ನೋಡಿದರೆ ಯಾವ ಫಾಂಟೂ ಪಾಸಾಗುತ್ತದೆ. ಕಕ್ಕಬ್ಬೆ, ಅಮ್ಮತ್ತಿ, ಗೋಣಿಕೊಪ್ಪಲು, ಪೊನ್ನಂಪೇಟೆ ಬರೆದು ನೋಡಿ.

ತೆಳು ಗೆರೆ ಎಲ್ಲಿ ಮುರಿಯುತ್ತದೆ

ಹಳೆ ಶೈಲಿಯ ಸೊಬಗು ತೆಳು ಗೆರೆಯಲ್ಲಿದೆ, ಸೋಲೂ ಅಲ್ಲೇ. ಫಾಂಟ್ ಇಷ್ಟವಾಯಿತೆಂದ ಮಾತ್ರಕ್ಕೆ ಒಪ್ಪಬೇಡಿ. ನಿಜವಾದ ಗಾತ್ರಕ್ಕೆ ತಂದು, ‘ಓ’ದ 11 ಗಂಟೆಯ ಜಾಗ ಎಷ್ಟು ಮಿಲಿಮೀಟರಿದೆ ಎಂದು ಅಳೆಯಿರಿ. ರೇಡಿಯಂ ಸ್ಟಿಕ್ಕರ್ ಕಟಿಂಗಿಗೆ ಒಂದೂವರೆ–ಎರಡು ಮಿ.ಮೀ.ಗಿಂತ ಕಡಿಮೆಯಾದರೆ ಬ್ಲೇಡು ತಿರುಗುವಾಗಲೇ ತುದಿ ಎದ್ದುಬರುತ್ತದೆ. ಅಂಟಿಸಿದ ಮೇಲೂ ಪಾದದ ಮೊನೆಯೇ ಮೊದಲು ಏಳುವುದು, ಅಲ್ಲಿ ಅಂಟಿನ ವಿಸ್ತೀರ್ಣವೇ ಇಲ್ಲವಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಡದೆ ನೆನೆಯುವ ಗೋಡೆಯ ಮೇಲೆ ಒಂದೇ ಮಳೆಗಾಲ ಸಾಕು. ಒಳಗೆ ಎಲ್‌ಇಡಿ ಕೂರಿಸುವ ಪೆಟ್ಟಿಗೆ ಅಕ್ಷರಕ್ಕೆ ಗೆರೆ ಸುಮಾರು 25 ಮಿ.ಮೀ. ಅಗಲವಾದರೂ ಇರಬೇಕು. ಇಲ್ಲದಿದ್ದರೆ ದಪ್ಪ ಭಾಗ ಬೆಳಗಿ ತೆಳು ಭಾಗ ಕತ್ತಲಾಗುತ್ತದೆ, ರಾತ್ರಿ ‘ಓ’ ಎರಡು ಕಂಸಗಳಾಗಿ ಒಡೆದುಕೊಳ್ಳುತ್ತದೆ. ಅಂಥಲ್ಲಿ ಅಕ್ಷರವನ್ನು ಘನವಾಗಿ ಕತ್ತರಿಸಿ, ಹಿಂದಿನಿಂದ ಗೋಡೆಗೆ ಬೆಳಕು ಬೀಳುವಂತೆ ಮಾಡುವುದು ಲೇಸು. ಮಡಿಕೇರಿಯ ಮಂಜಿನಲ್ಲಿ ಬೆಳಕು ಹರಡಿ ಅಕ್ಷರದ ಒಳಜಾಗ ಮುಚ್ಚಿಕೊಳ್ಳುವುದರಿಂದ, ಬೆಳಗುವ ಅಕ್ಷರಗಳ ನಡುವೆ ಹಗಲಿನ ಬೋರ್ಡಿಗಿಂತ ಹೆಚ್ಚು ಅಂತರ ಬೇಕು. ಮರದಲ್ಲಿ ಕೊರೆದ ಬೋರ್ಡಿಗೆ ಬೇರೆ ಶತ್ರು: ತೆಳು ಗೀರಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ, ತೊಳೆದು ಮತ್ತೆ ಬಣ್ಣ ತುಂಬಿದಷ್ಟೂ ಗೀರು ಮುಚ್ಚುತ್ತದೆ.

ಕಾರ್ಮೊರಂಟ್ ಎಂಬ ಉಚಿತ ಫಾಂಟ್ ಪರದೆಯ ಮೇಲೆ ಬಹಳ ಚೆಲುವು. ಅದು ದೊಡ್ಡ ಗಾತ್ರದ ಶೀರ್ಷಿಕೆಗೆಂದೇ ಹುಟ್ಟಿದ್ದು, ಕೂದಲೆಳೆಯಷ್ಟು ತೆಳು. ಅದರಲ್ಲೇ 7 ಪಾಯಿಂಟಿನ ವಿಳಾಸವನ್ನು ಕಂದು ಕ್ರಾಫ್ಟ್ ಕಾಗದದ ಮೇಲೆ ಹೊಡೆಸಿದರೆ ಅರ್ಧ ಗೆರೆಗಳು ಮಾಯ. ವಿಳಾಸಕ್ಕೆ ಇಬಿ ಗ್ಯಾರಮಂಡ್ ಅಥವಾ ಬುಕ್ ಆಂಟಿಕ್ವಾ, ಹೆಸರಿಗೆ ಮಾತ್ರ ಕಾರ್ಮೊರಂಟ್ ಎಂಬ ಹಂಚಿಕೆ ಸರಿ.

ಕನ್ನಡದಲ್ಲಿ ತೆಳುವಿನ ಪ್ರಶ್ನೆ ಅರ್ಥದ ಪ್ರಶ್ನೆಯೂ ಹೌದು. ಪ–ಫ, ದ–ಧ, ಡ–ಢ ಬೇರೆಯಾಗುವುದು ಕೆಳಗಿನ ಪುಟ್ಟ ಸೀಳಿನಿಂದ. 8 ಪಾಯಿಂಟಿನಲ್ಲಿ ಆ ಸೀಳು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಸ್ಕ್ರೀನ್ ಪ್ರಿಂಟಿಂಗಿನ ಶಾಯಿ ಹರಡಿ ಸೀಳು ಮುಚ್ಚಿದರೆ ‘ಶುದ್ಧ ಕಾಫಿ’ ಹೋಗಿ ‘ಶುದ್ದ ಕಾಪಿ’ ಆಗುತ್ತದೆ. ಒತ್ತಿನ ಧಕಾರ ಇನ್ನೂ ಸಣ್ಣದಾದ್ದರಿಂದ ಮೊದಲು ಸಾಯುವುದು ಅದು. ಹೀರುವ ಕಾಗದಕ್ಕೆ ಕನ್ನಡ 10 ಪಾಯಿಂಟಿಗಿಂತ ಕೆಳಗೆ ಬೇಡ, ಬೋಲ್ಡ್ ಅಂತೂ ಬೇಡವೇ ಬೇಡ. ಬೋಲ್ಡ್ ಮಾಡಿದರೆ ಗೆರೆ ಉಬ್ಬಿ ಸೀಳನ್ನೇ ತಿನ್ನುತ್ತದೆ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಬಿಡುವುದಾದರೆ ಇನ್ನೊಂದು ಪಾಯಿಂಟ್ ಏರಿಸಿ. ಶಾಯಿ ಇಳಿಯುವ ಸ್ಕ್ರೀನಿನ ಜಾಲರಿ ಸೆಂ.ಮೀ.ಗೆ 77 ಎಳೆಯದ್ದಾದರೆ ಬಟ್ಟೆಯ ಚೀಲಕ್ಕೆ ಸರಿ, ಈ ಸೀಳು ಉಳಿಯಬೇಕಾದರೆ 120 ಎಳೆಯದ್ದನ್ನು ಕೇಳಿ.

ಪ್ಯಾಕೆಟ್ಟಿನ ಅಂಕಿಗಳ ವಿಷಯ ಬಹಳ ಜನ ಗಮನಿಸುವುದಿಲ್ಲ. ‘ಕೂರ್ಗ್ ಅರೇಬಿಕಾ’ಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಪ್ಯಾಕೆಟ್ಟಿಗೆ ಪರಂಪರೆಯ ಮೆರುಗು ಬೇಕೆನಿಸುವುದು ಸಹಜ. ಹಳೆ ಶೈಲಿಯ ಹಲವು ಫಾಂಟುಗಳಲ್ಲಿ ಅಂಕಿಗಳೂ ಹಳೆ ಶೈಲಿಯವು: 0, 1, 2 ಕುಳ್ಳು, 3, 4, 5, 7, 9 ಸಾಲಿನ ಕೆಳಗೆ ಇಳಿಯುತ್ತವೆ, 6, 8 ಮಾತ್ರ ಎತ್ತರ. ಓದುವ ಪುಟದಲ್ಲಿ ಇವು ಸುಂದರ. ಬೆಲೆ, ತೂಕ, ತಯಾರಿಸಿದ ದಿನಾಂಕದಲ್ಲಿ ಇವು ತೊಂದರೆ. ‘ನಿವ್ವಳ ತೂಕ 200 ಗ್ರಾಂ’ ಎಂದಾಗ ಮೂರೂ ಅಂಕಿ ಕುಳ್ಳಾಗಿ, ಅಂಕಿಗೆ ನಿಯಮ ಕೇಳುವ ಕನಿಷ್ಠ ಎತ್ತರಕ್ಕಿಂತ ಕೆಳಗೆ ಇಳಿಯಬಹುದು. ಪಾಯಿಂಟ್ ಗಾತ್ರ ನೋಡಿ ಸಮಾಧಾನಪಡದೆ, ಅಚ್ಚಾದ ಸೊನ್ನೆಯನ್ನು ಸ್ಕೇಲಿಟ್ಟು ಅಳೆಯಿರಿ. ಸಾಫ್ಟ್‌ವೇರಿನ ಓಪನ್‌ಟೈಪ್ ಆಯ್ಕೆಗಳಲ್ಲಿ ‘ಲೈನಿಂಗ್’ ಅಂಕಿ ಆರಿಸಿದರೆ ಎಲ್ಲ ಅಂಕಿಗಳೂ ಒಂದೇ ಎತ್ತರಕ್ಕೆ ನಿಲ್ಲುತ್ತವೆ.

ಹೋಮ್‌ಸ್ಟೇ, ಐನ್‌ಮನೆ, ಕೊಡವ ತಕ್ಕ್

ಜಿಲ್ಲೆಯ ಬೋರ್ಡುಗಳಲ್ಲಿ ಎಲ್ಲೆಲ್ಲೂ ಕಾಣುವ ‘ಹೋಮ್‌ಸ್ಟೇ’ ತಪ್ಪಾಗುವುದೂ ಹೆಚ್ಚು. ಅರ್ಧ ‘ಮ್’ ಆದಮೇಲೆ ಜೋಡಿಸದ ಗುರುತು ಹಾಕದಿದ್ದರೆ ಅದು ‘ಹೋಮ್ಸ್ಟೇ’ ಆಗಿ, ಮಕಾರದ ಕೆಳಗೆ ಎರಡು ಒತ್ತು ಪೇರಿಕೊಳ್ಳುತ್ತವೆ. ‘ಐನ್‌ಮನೆ’ (ಒಕ್ಕದ ಮೂಲಮನೆ) ‘ಐನ್ಮನೆ’ ಆಗುವುದೂ ಹೀಗೆಯೇ. ಆ ಗುರುತು ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಯೂನಿಕೋಡ್ ಅಕ್ಷರ. ವರ್ಡ್‌ನಲ್ಲಿ 200 ಒತ್ತಿ, ಪಕ್ಕದಲ್ಲಿ ಇಂಗ್ಲಿಷಿನ ‘ಸಿ’ ಒತ್ತಿ, ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಬರುತ್ತದೆ. ಯೂನಿಕೋಡಿನಿಂದ ನುಡಿಯ ಹಳೆಯ, ಯೂನಿಕೋಡಿಗೆ ಮುಂಚಿನ ಆಸ್ಕಿ ಫಾಂಟಿಗೆ ಪರಿವರ್ತಿಸುವಾಗ ಇದು ಉದುರಿಹೋಗಬಹುದು, ಹಾಗಾಗಿ ಪರಿವರ್ತಿಸಿದ ಮೇಲೆ ಈ ಪದಗಳನ್ನು ಒಂದೊಂದಾಗಿ ನೋಡಬೇಕು. ಆಸ್ಕಿ ಫಾಂಟುಗಳಿಗೆ ಜೋತುಬೀಳುವುದಕ್ಕೆ ಇದ್ದ ಕಾರಣ ಈಗಿಲ್ಲ. ಫೋಟೊಶಾಪ್‌ನಲ್ಲಿ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್, ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಆರಿಸದಿದ್ದರೆ ‘ಗೋಣಿಕೊಪ್ಪಲು’ ‘ಗೋಣಿಕೊಪ್‌ಪಲು’ ಎಂದು ಒಡೆಯುತ್ತದೆ. ಫಾಂಟ್ ಸರಿಯಿಲ್ಲ ಎಂದು ದೂರುವ ಮೊದಲು ಈ ಸೆಟ್ಟಿಂಗ್ ನೋಡಿ.

ಕನ್ನಡ ಲಿಪಿಯಲ್ಲಿ ಕೊಡವ ಭಾಷೆ ಬರೆಯುವಾಗ ಫಾಂಟಿನ ಮೇಲೆ ಇನ್ನೂ ಹೆಚ್ಚು ಭಾರ ಬೀಳುತ್ತದೆ. ‘ತಕ್ಕ್’ (ಮಾತು, ಭಾಷೆ), ‘ಕೈಲ್‌ಪೊಳ್ದ್’ (ಕೊಡವರ ಆಯುಧಪೂಜೆಯ ಹಬ್ಬ) ಪದಗಳ ಕೊನೆ ನೋಡಿ: ಒಂದೇ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಅರ್ಧಾಕ್ಷರದ ಕೊಕ್ಕೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಈ ಜೋಡಿ ಅಲ್ಲಿ ಅಪರೂಪ, ಫಾಂಟ್ ಮಾಡಿದವರು ಪರೀಕ್ಷಿಸದೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ಕೊಕ್ಕೆ ಮುಂದಿನ ಅಕ್ಷರದ ತಲೆಕಟ್ಟಿಗೆ ತಾಗಿದರೆ ಅಲ್ಲಿ ಮಾತ್ರ ಕೈಯಾರೆ ಅಂತರ ಬಿಡಿಸಿ. ಪದದ ಕೊನೆಯ ಕೊಕ್ಕೆ ಬಲಕ್ಕೆ ಚಾಚುವುದರಿಂದ, ನಡುವಿಗೆ ಹೊಂದಿಸಿದ ಶೀರ್ಷಿಕೆ ಎಡಕ್ಕೆ ಸರಿದಂತೆ ಕಾಣುತ್ತದೆ. ಕಣ್ಣಳತೆಯಲ್ಲಿ ತುಸು ಬಲಕ್ಕೆ ತಳ್ಳಿ. ಒಕ್ಕದ ಹೆಸರುಗಳ ಕೊನೆಗೆ ಬರುವ ‘-ಂಡ’ದಲ್ಲಿ ಸೊನ್ನೆಯ ಒಳಜಾಗ ತೆರೆದಿರಬೇಕು. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಂಥ ಸಂದರ್ಭದಲ್ಲಿ ನೂರಾರು ಒಕ್ಕಗಳ ಹೆಸರು ಒಂದೇ ಹಾಳೆಗೆ ಬರುತ್ತವೆ. ಅಂಥ ಪಟ್ಟಿಗೆ ಅಲಂಕಾರದ ಅಕ್ಷರ ಬೇಡ, ಟೀರೊ ಕನ್ನಡ 11 ಪಾಯಿಂಟ್ ಸಾಕು. ಪ್ರಮಾಣಪತ್ರದ ಶೀರ್ಷಿಕೆಗೆ ಪ್ಯಾಲಟಿನೊ, ನೋಟೊ ಜೋಡಿ ಇರಲಿ.

ಅಚ್ಚಿಗೆ ಕೊಡುವಾಗ ಎರಡು ಫೈಲ್ ಬೇಕು. ಒಂದರಲ್ಲಿ ಅಕ್ಷರಗಳೆಲ್ಲ ಕರ್ವ್ಸ್‌ಗೆ, ಅಂದರೆ ಬರೀ ಆಕಾರದ ಗೆರೆಗಳಿಗೆ, ಬದಲಾಗಿರಲಿ, ಆಗ ಕಟಿಂಗ್ ಮಾಡುವವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಒತ್ತು ಅಲುಗುವುದಿಲ್ಲ. ಇನ್ನೊಂದರಲ್ಲಿ ಅಕ್ಷರ ಅಕ್ಷರವಾಗಿಯೇ ಇರಲಿ, ಮುಂದಿನ ವರ್ಷ ಫೋನ್ ನಂಬರು ಬದಲಾದಾಗ ಬೇಕಾಗುತ್ತದೆ. ಕರ್ವ್ಸ್ ಮಾಡಿದ ಮೇಲೆ ಒತ್ತು ಮೈಗೆ ಕೂಡುವ ಕಡೆ ಹಾಯುವ ಗೆರೆಗಳನ್ನು ‘ವೆಲ್ಡ್’ ಮಾಡಿ ಒಂದಾಗಿಸಿ. ಮಾಡದಿದ್ದರೆ ಬ್ಲೇಡು ಅಲ್ಲೂ ಕೊಯ್ಯುತ್ತದೆ, ಪೊನ್ನಂಪೇಟೆಯ ನಕಾರದ ಒತ್ತು ಬಿಡಿಯಾಗಿ ಕೈಗೆ ಬರುತ್ತದೆ.